ಫಿನ್ಲೇಸನ್ ಮೀಸೆಯ ಪಾಠವಿಮರ್ಶೆ

ಜೇಮ್ಸ್ ಫಿನ್ಲೇಸನ್ (1887–1953) ಎಂಬ ಹಾಸ್ಯನಟನ ಅಧ್ಯಯನಕ್ಕೆ ತೊಡಗಿದ ಸಂಶೋಧಕನಿಗೆ ಮೊದಲು ಎದುರಾಗುವುದು ಆತನ ಪೊದೆಮೀಸೆ. ಅದು ಅಂಟಿಸಿದ್ದೆಂಬುದು ನಿರ್ವಿವಾದವಾದ್ದರಿಂದ, ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಅದನ್ನು ಪ್ರಕ್ಷಿಪ್ತವೆಂದು, ಅಂದರೆ ಮೂಲದಲ್ಲಿ ಇಲ್ಲದೆ ಅನಂತರ ಸೇರಿಕೊಂಡ ಭಾಗವೆಂದು ಕರೆಯಬೇಕಾಗುತ್ತದೆ. ಸ್ಕಾಟ್ಲೆಂಡಿನ ಲಾರ್ಬರ್ಟ್‌ನಲ್ಲಿ ಹೊರಬಂದ ಮೂಲಪ್ರತಿಯಲ್ಲಿ ಮೀಸೆ ಇರಲಿಲ್ಲವೆಂಬುದು ಶಿಶುಗಳ ಸಾಮಾನ್ಯ ಲಕ್ಷಣದಿಂದಲೇ ಊಹ್ಯ. ಹಾಗೆಂದು ಪ್ರಕ್ಷಿಪ್ತವನ್ನು ಕಿತ್ತು ಶುದ್ಧಪ್ರತಿಯನ್ನು ಸಿದ್ಧಪಡಿಸಹೊರಟರೆ ಕೈಗೆ ಉಳಿಯುವುದು ಬೋಳುತಲೆಯ ಒಬ್ಬ ಸಭ್ಯ ಗೃಹಸ್ಥ ಮಾತ್ರ. ಅಂಥವರ ಕುರಿತು ಪ್ರಬಂಧ ಬರೆಯುವ ಪದ್ಧತಿಯಿಲ್ಲ.

ಮ್ಯಾಕ್ ಸೆನೆಟ್‌ನ ಚಿತ್ರಗಳಲ್ಲಿ ಪಳಗಿ ಹಾಲ್ ರೋಚ್ ಸ್ಟುಡಿಯೋ ಸೇರಿದ ಈತ, ಲಾರೆಲ್ ಮತ್ತು ಹಾರ್ಡಿ ಜೋಡಿಯ 33 ಚಿತ್ರಗಳಲ್ಲಿ ಮನೆಯೊಡೆಯ, ಬಟ್ಲರ್, ಜೈಲಿನ ಮೇಷ್ಟ್ರು, ಸಲೂನಿನ ಮಾಲೀಕ ಮುಂತಾಗಿ ಅವತರಿಸಿದನು. ವೇಷ ಯಾವುದಾದರೂ ಕೋಪ ಒಂದೇ.

ಆ ಕೋಪದ ವಾಹನ ಆತನ ನೋಟ. ಭರತನ ನಾಟ್ಯಶಾಸ್ತ್ರ 36 ದೃಷ್ಟಿಗಳನ್ನು ಹೇಳಿ ಮುಗಿಸಿರುವುದರಿಂದ ಇದನ್ನು 37ನೆಯದೆಂದು ಎಣಿಸುವುದು ಅನಿವಾರ್ಯ. ಅನಾಹುತವನ್ನು ಒಮ್ಮೆ ಕಂಡು, ಏನೂ ಆಗಿಲ್ಲವೆಂಬಂತೆ ಮುಖ ತಿರುಗಿಸಿ, ಕಂಡದ್ದು ತಲೆಗೆ ಹತ್ತಿದೊಡನೆ ಕತ್ತು ಉಳುಕುವಂತೆ ಮತ್ತೆ ತಿರುಗುವ ಈ ಕ್ರಿಯೆಗೆ ಹಾಲಿವುಡ್ಡಿನವರು ಡಬಲ್ ಟೇಕ್ ಎನ್ನುತ್ತಾರೆ. ಇಷ್ಟನ್ನು ಇತರರೂ ಮಾಡಬಲ್ಲರು. ಆದರೆ ಒಂದು ಕಣ್ಣನ್ನು ಬಿಗಿಯಾಗಿ ಕಿರಿದಾಗಿಸಿ, ಇನ್ನೊಂದರ ಹುಬ್ಬನ್ನು ನೆತ್ತಿಯ ಕಡೆಗೆ ಅಟ್ಟಿ, ನಡುವೆ ಮೀಸೆಯನ್ನು ಸ್ವತಂತ್ರವಾಗಿ ಅದುರಿಸುವುದು ಫಿನ್ಲೇಸನ್ ಸಂಪ್ರದಾಯದ ವೈಶಿಷ್ಟ್ಯ.

ಇದರ ಪ್ರಮಾಣಗ್ರಂಥವೆಂದರೆ 1929ರ ಮೂಕಿಚಿತ್ರ 'ಬಿಗ್ ಬಿಸಿನೆಸ್'. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಕ್ರಿಸ್‌ಮಸ್ ಮರ ಮಾರಲು ಬಂದ ಜೋಡಿಯನ್ನು ಫಿನ್ಲೇಸನ್ ಬೇಡವೆಂದು ಸಾಗಹಾಕುತ್ತಾನೆ. ಮರದ ಕೊಂಬೆ ಬಾಗಿಲಿಗೆ ಸಿಕ್ಕಿಕೊಂಡು ಅವರು ಮತ್ತೆ ಮತ್ತೆ ಗಂಟೆ ಒತ್ತಬೇಕಾಗುತ್ತದೆ. ಕಡೆಗೆ ಆತ ಕತ್ತರಿ ತಂದು ಮರವನ್ನೇ ತುಂಡರಿಸುತ್ತಾನೆ. ಮುಂದಿನದು ಶುದ್ಧ ವಾದ–ಪ್ರತಿವಾದ: ಅವರು ಬಾಗಿಲು ಕೀಳುವಾಗ ಆತ ನಿಂತು ನೋಡುತ್ತಾನೆ, ಆತ ಕಾರಿನ ಬಿಡಿಭಾಗ ಕೀಳುವಾಗ ಅವರು ನಿಂತು ನೋಡುತ್ತಾರೆ, ಪೊಲೀಸಿನವನು ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಎದುರಾಳಿಯ ಮಾತಿಗೆ ಅಡ್ಡ ಬಾರದ ಈ ಶಿಸ್ತು ವಿದ್ವತ್‌ಗೋಷ್ಠಿಗಳಲ್ಲಿ ದುರ್ಲಭ. ಮನೆಯೂ ಕಾರೂ ಏಕಕಾಲದಲ್ಲಿ ನಿರ್ನಾಮವಾಗುವುದರಿಂದ ವಾದದಲ್ಲಿ ಗೆದ್ದವರು ಯಾರೆಂಬುದು ನಿಷ್ಕರ್ಷೆಯಾಗದು. ಮೀಸೆ ಮಾತ್ರ ಬಿದ್ದಿಲ್ಲ.

ಮಾತಿನ ಚಿತ್ರಗಳು ಬಂದ ಮೇಲೆ ಈ ನೋಟಕ್ಕೆ 'ಡೋ' ಎಂಬ ದೀರ್ಘ ನರಳಿಕೆ ಜೊತೆಗೂಡಿತು. ದಶಕಗಳ ತರುವಾಯ ನಟ ಡ್ಯಾನ್ ಕ್ಯಾಸ್ಟೆಲನೆಟಾ ಅದನ್ನು ಮೊಟಕುಗೊಳಿಸಿ ಹೋಮರ್ ಸಿಂಪ್ಸನ್ ಎಂಬ ಕಾರ್ಟೂನ್ ಪಾತ್ರದ ಬಾಯಲ್ಲಿ ಇಟ್ಟದ್ದರಿಂದ ಅದು ಜಗತ್ತಿಗೆಲ್ಲ ಹರಡಿತು. ಆ ಪಾತ್ರಕ್ಕೆ ಮೀಸೆಯೇ ಇಲ್ಲವೆಂಬ ಸಂಗತಿ ಪ್ರಸ್ತುತ ಸಿದ್ಧಾಂತಕ್ಕೆ ಪ್ರತಿಕೂಲವಾದ್ದರಿಂದ ಇಲ್ಲಿ ಪರಿಗಣಿಸಿಲ್ಲ.