ಹೊಟ್ಟೆ ಸಾಹುಕಾರರದ್ದು, ವಾಕಿಂಗ್ ನಾಯಿಯದ್ದು

ದಾವಣಗೆರೆ ಜಿಲ್ಲೆಯಲ್ಲಿ ನಾಯಿಯ ಹಿಂದೆ ಹೆಜ್ಜೆ ಹಾಕಿದವರ ದಾಖಲೆ ಇವತ್ತಿಗೂ ಪೊಲೀಸ್ ಇಲಾಖೆಯ ಕೈಯಲ್ಲೇ ಇದೆ. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗುಡ್ಡದ ಹತ್ತಿರ ಕೊಲೆಯೊಂದು ನಡೆದಾಗ, ಶ್ವಾನದಳದ ಡಾಬರ್‌ಮನ್ ತುಂಗಾ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಪೊಲೀಸರಿಗೆ ಜಾಡು ತೋರಿಸಿದಳು. 2024ರ ಜುಲೈನಲ್ಲಿ ಅದೇ ತಾಲ್ಲೂಕಿನಲ್ಲಿ ಮತ್ತೊಂದು ಕೊಲೆ. ಈ ಸಲ ತುಂಗಾ-2. ಮಳೆಯಲ್ಲೇ 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಳು. ಒಳಗೆ ಆರೋಪಿ ಹೆಂಡತಿಯನ್ನು ಬಡಿಯುತ್ತಿದ್ದ. ಅವನೂ ಸಿಕ್ಕ, ಆಕೆಯ ಜೀವವೂ ಉಳಿಯಿತು.

ಎರಡೂ ಸಲ ನಾಯಿ ಓಡಿದ ಕಿಲೋಮೀಟರು ಸುದ್ದಿಯ ತಲೆಬರಹಕ್ಕೇರಿತು. ಹಿಂದೆ ಓಡಿದವರ ಏದುಸಿರನ್ನು ಯಾರೂ ಅಳೆಯಲಿಲ್ಲ. ಪೊಲೀಸರಲ್ಲಿ ಪದ್ಧತಿಯೇ ಹಾಗೆ, ಇಬ್ಬರೂ ಓಡುತ್ತಾರೆ, ಹಾರ ನಾಯಿಗೆ ಬೀಳುತ್ತದೆ. ನಮ್ಮ ಪೇಟೆಗಳಲ್ಲಿ ಇದು ಉಲ್ಟಾ. ನಾಯಿಯೊಂದೇ ಓಡುತ್ತದೆ, ಫಿಟ್‌ನೆಸ್ಸಿನ ಶಹಭಾಸ್‌ಗಿರಿ ಸಾಹುಕಾರರಿಗೆ.

ಚನ್ನಗಿರಿಯನ್ನೇ ತಗೊಳ್ಳಿ. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಮೇಲೆ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು, ಮನೆಯ ಮುಂದೆ ದೊಡ್ಡ ಕಾರು ನಿಂತಿತು, ಆ ಕಾರಿನಿಂದ ಇಳಿಯುವವರ ಹೊಟ್ಟೆ ಸ್ಟೇರಿಂಗಿಗೆ ತಾಗತೊಡಗಿತು. "ಶುಗರ್ ಶುರುವಾಗೈತ್ರಿ, ದಿನಾ ಅರ್ಧ ಗಂಟೆ ನಡೀರಿ" ಎಂದರು ಡಾಕ್ಟರು. ಅವರು ಅಂದದ್ದು ಅಷ್ಟೇ. ಆದರೆ ಸಾಹುಕಾರರ ಬದುಕಿನಲ್ಲಿ ಬೇರೆಯವರ ಕೈಲಿ ಮಾಡಿಸದೆ ಆದ ಕೆಲಸ ಒಂದೂ ಇಲ್ಲ. ಗುಂಡಿ ತೋಡಲು ಜೆಸಿಬಿ, ಕೊನೆ ಇಳಿಸಲು ದೋಟಿಯವರು, ಸುಲಿಯಲು ಮಷಿನ್ನು, ಮಿಕ್ಕದ್ದಕ್ಕೆಲ್ಲ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ. ತೋಟವನ್ನೇ ಖೇಣಿಗೆ ಕೊಟ್ಟವರಿಗೆ ಕಾಲನ್ನು ಖೇಣಿಗೆ ಕೊಡುವುದು ಯಾವ ಮಹಾ? ಸೀದಾ ಹೋಗಿ ಒಂದು ಲ್ಯಾಬ್ರಡಾರ್ ತಂದರು.

ಆ ಆಯ್ಕೆಯೇ ಒಂದು ತಮಾಷೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ರಡಾರುಗಳ ವಂಶವಾಹಿ ಪರೀಕ್ಷಿಸಿದರು. ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇರಲಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಮುಟ್ಟುವುದರಲ್ಲಿ ಆ ಜೀನಿನ ಕೈವಾಡವಿದೆ. ತುಣುಕು ತಪ್ಪಿದ ನಾಯಿ ಎಷ್ಟು ತಿಂದರೂ ಬಟ್ಟಲು ನೆಕ್ಕುತ್ತಲೇ ಇರುತ್ತದೆ. ತೂಕ ಇಳಿಸಬೇಕೆಂದು ಸಾಹುಕಾರರು ಹುಡುಕಿ ತಂದದ್ದು ಊಟದ ವಿಷಯದಲ್ಲಿ ತಮಗೆ ಸರಿಸಾಟಿಯಾದ ಜೀವವನ್ನೇ. ಮನೆಯ ಹೆಂಗಸರಿಗೆ ಈಗ ಬಡಿಸುವ ಕೆಲಸ ಎರಡು ಪಟ್ಟು.

ಬೆಳಗ್ಗೆ ಆರಕ್ಕೆ ಜೋಡಿ ಹೊರಡುತ್ತದೆ. ಟ್ರ್ಯಾಕ್ ಪ್ಯಾಂಟು, ಬಿಳಿ ಶೂ, ಮಂಕಿ ಟೋಪಿ ಸಾಹುಕಾರರದ್ದು, ಕೆಂಪು ಬೆಲ್ಟು ನಾಯಿಯದ್ದು. ಮೊದಲ ಲೈಟ್ ಕಂಬಕ್ಕೆ ನಾಯಿ ನಿಲ್ಲುತ್ತದೆ, ಮೂಸುತ್ತದೆ, ಕಾಲೆತ್ತುತ್ತದೆ. ಸಾಹುಕಾರರೂ ನಿಲ್ಲುತ್ತಾರೆ. ಎರಡನೇ ಕಂಬಕ್ಕೂ ಅದೇ ಪೂಜೆ. ಮೂರನೇ ಕಂಬದಲ್ಲಿ ಇನ್ನೊಬ್ಬ ಸಾಹುಕಾರರು ಇನ್ನೊಂದು ನಾಯಿ ಹಿಡಿದು ನಿಂತಿರುತ್ತಾರೆ. ನಾಯಿಗಳು ಒಂದರ ಹಿಂಭಾಗ ಇನ್ನೊಂದು ಮೂಸುತ್ತವೆ. ಸಾಹುಕಾರರು ಅಡಿಕೆ ಸಹಕಾರ ಸಂಘ ತುಮ್‌ಕೋಸಿನ ರೇಟು ಮೂಸುತ್ತಾರೆ.

"ತುಮ್‌ಕೋಸಿನಾಗೆ ನಿನ್ನೆ ರಾಶಿ ಎಷ್ಟಾತ್ರಿ?"

"ಸ್ವಲ್ಪ ಇಳದೈತಂತೆ. ನೀವು ಬಿಟ್ರಾ?"

"ಇಲ್ರಿ, ಹಂಗೇ ಇಟ್ಕಂಡೀನಿ. ಇನ್ನೊಂದು ತಿಂಗ್ಳು ನೋಡಾಣ."

ಇಟ್ಟುಕೊಂಡದ್ದನ್ನು ಬಿಡುವ ಮನಸ್ಸು ಅಡಿಕೆಯ ವಿಷಯದಲ್ಲೂ ಇಲ್ಲ, ಹೊಟ್ಟೆಯ ವಿಷಯದಲ್ಲೂ ಇಲ್ಲ. ನಾಯಿ ನಾಲ್ಕನೇ ಕಂಬದ ಕಡೆ ಎಳೆಯುತ್ತದೆ, "ಏ, ನಿಂತ್ಕಳಲೇ" ಎಂದು ಬೈಸಿಕೊಳ್ಳುತ್ತದೆ. ಆ ಗುಂಪಿನಲ್ಲಿ ನಡೆಯಬೇಕೆಂಬ ಆಸೆ ಇದ್ದದ್ದು ನಾಯಿಗಳಿಗೆ ಮಾತ್ರ.

ಮುಂದಿನ ತಿರುವಿನಲ್ಲಿ ಯಾರೋ ಹೆಣ್ಣುಮಗಳು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಹೋಗಿರುತ್ತಾಳೆ. ನಾಯಿ ಸುತ್ತಮುತ್ತ ನೋಡಿ ಆ ಜಾಗವನ್ನೇ ಆರಿಸಿಕೊಂಡು ಕೂರುತ್ತದೆ. ಸಾಹುಕಾರರು ಸರಿಯಾಗಿ ಆ ಹೊತ್ತಿಗೆ ಆಕಾಶ ನೋಡುತ್ತಾರೆ. ಹವಾಮಾನ ಇಲಾಖೆಯವರೂ ಮೋಡವನ್ನು ಇಷ್ಟು ತನ್ಮಯರಾಗಿ ನೋಡಿರಲಾರರು. ಬಗ್ಗಿ ಎತ್ತಿದ್ದರೆ ಸೊಂಟಕ್ಕೂ ಒಂದಿಷ್ಟು ವ್ಯಾಯಾಮವಾಗುತ್ತಿತ್ತು. ಅದನ್ನು ಪೌರಕಾರ್ಮಿಕರಿಗೆ ಬಿಟ್ಟುಕೊಟ್ಟಿದ್ದಾರೆ. ದಾನಕ್ಕೆ ಹೆಸರಾದ ಮನೆತನ.

ಲೆಕ್ಕಕ್ಕೆ ಬರೋಣ, ಮಂಡಿಯವರಿಗೆ ಲೆಕ್ಕ ಇಷ್ಟ. ನಾಯಿ ಹಿಡಿದು ನಡೆಯುವುದು ಸುಮ್ಮನೆ ಕೂರುವುದಕ್ಕಿಂತ 3 ಪಟ್ಟು ಶ್ರಮ ಎಂದು ವ್ಯಾಯಾಮ ವಿಜ್ಞಾನದವರು ಹಿಡಿಯುತ್ತಾರೆ. 90 ಕೆಜಿಯ ಆಸಾಮಿ ಅರ್ಧ ಗಂಟೆ ನಿಲ್ಲದೆ ನಡೆದರೆ ಸುಮಾರು 135 ಕ್ಯಾಲೊರಿ ಕರಗುತ್ತದೆ. ಕಂಬ, ಅಡಿಕೆ ರೇಟು, ಆಕಾಶವೀಕ್ಷಣೆ ಎಲ್ಲ ಕಳೆದರೆ ಕಾಲು ಆಡಿದ್ದು ಹತ್ತು ನಿಮಿಷ, ಕರಗಿದ್ದು 45. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 100 ಕ್ಯಾಲೊರಿ ಇದೆ. ವಾಕಿಂಗ್ ಮುಗಿಯುವುದಾದರೂ ಎಲ್ಲಿ? ಬೆಣ್ಣೆದೋಸೆಯ ಕಲ್ಲಿನ ಮುಂದೆ. "ನಡಕಂಡು ಬಂದೀವಪ್ಪಾ, ಬೆಣ್ಣಿ ಸ್ವಲ್ಪ ಮುಂದಾಗಿ ಹಾಕು." ನಾಯಿಗೂ ಒಂದು ಖಾಲಿ ದೋಸೆ, ಅದೂ ಪಾಪ ನಡೆದಿದೆಯಲ್ಲ.

ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆ ಹೆಜ್ಜೆ ಎಣಿಸುವ ವಾಚು ಕೊಡಿಸಿದ್ದಾನೆ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕೆಂದು ತಾಕೀತು. ಈ ಸಂಖ್ಯೆ ಯಾವ ಡಾಕ್ಟರ ಚೀಟಿಯಿಂದಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರಿನಿಂದ ಹುಟ್ಟಿದ್ದು. ವ್ಯಾಪಾರದ ಸಂಖ್ಯೆಯ ಮರ್ಮ ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ. ವಾಚು ಈಗ ನಾಯಿಯ ಕೊರಳಲ್ಲಿದೆ. "ಅಪ್ಪಾಜಿ, ಇವತ್ತು ಹದಿನಾಲ್ಕು ಸಾವಿರ, ಸೂಪರ್!" ಎಂದು ಮಗ ಫೋನ್ ಮಾಡುವಾಗ ಅಪ್ಪಾಜಿ ಎರಡನೇ ದೋಸೆಯಲ್ಲಿರುತ್ತಾರೆ. ಒಂದು ಸಲ ಮಾತ್ರ ಕಷ್ಟಕ್ಕೆ ಬಂತು. "ರಾತ್ರಿ ಎರಡು ಗಂಟೆಗೆ ಕಾಂಪೌಂಡ್ ಸುತ್ತ ಯಾಕೆ ಓಡಿದ್ರಿ ಅಪ್ಪಾಜಿ?" ಬೆಕ್ಕು ಬಂದಿತ್ತು ಎಂದು ಹೇಳುವ ಹಾಗಿಲ್ಲವಲ್ಲ.

ಭಾನುವಾರ ಸೂಳೆಕೆರೆಗೆ ಕಾರು ಹೋಗುತ್ತದೆ. ಹಿಂದಿನ ಸೀಟಿನಲ್ಲಿ ನಾಯಿ, ಡಿಕ್ಕಿಯಲ್ಲಿ ಬುತ್ತಿ. ಅಷ್ಟು ದೊಡ್ಡ ಕೆರೆಗೆ ಎರಡು ಗುಡ್ಡದ ನಡುವೆ ಕಟ್ಟಿದ ಏರಿ ಸಾವಿರ ಅಡಿಗೂ ಕಮ್ಮಿ. ಅದರ ಅರ್ಧದ ತನಕ ಹೋಗಿ, ಗಾಳಿಗೆ ಕೂದಲು ಹಾರುವಂತೆ ಫೋಟೊ ತೆಗೆಸಿ, ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕುವುದು "ಸೂಳೆಕೆರೆ ಒಂದು ರೌಂಡ್".

ಹೊನ್ನಾಳಿ ಇದಕ್ಕಿಂತ ಆಧುನಿಕ. ಅಲ್ಲಿ ನಾಯಿ ಓಡಿಸುವುದು ಸ್ಕೂಟಿಯ ಮೇಲೆ ಕೂತು. ಎಡಗೈಯಲ್ಲಿ ಚೈನು, ಬಲಗೈಯಲ್ಲಿ ಎಕ್ಸಲರೇಟರು, ತುಂಗಭದ್ರೆಯ ಸೇತುವೆ ಮೇಲೆ ತಣ್ಣನೆ ಗಾಳಿ. ನಾಯಿಯ ಸೊಂಟ ಸಣ್ಣಗಾಗಿದೆ, ಸವಾರರ ಹಸಿವು ದೊಡ್ಡದಾಗಿದೆ. ಪ್ರಾಣಿಯ ನೆಪದಲ್ಲೇ ತೂಕ ಇಳಿಸಬೇಕೆಂದು ಹಟವಿದ್ದರೆ ಆ ಸೀಮೆಯಲ್ಲಿ ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬಗಳಾಗುತ್ತವೆ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಹಾರ ಹರಿಯಲು ಹುಡುಗರು ಅದರ ಮೈಮೇಲೆ ಬೀಳುತ್ತಾರೆ. ಅಂಥ ಹೋರಿಗೆ ಹುರುಳಿ ಬೇಯಿಸಿ ಹಾಕಿ, ಕೆರೆಯಲ್ಲಿ ಈಜಿಸಿ, ಹಗ್ಗ ಹಿಡಿದು ಓಡಾಡಿಸುವವನ ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ. ಹೋರಿ ಲೈಟ್ ಕಂಬಕ್ಕೆ ನಿಲ್ಲುವ ಜಾತಿಯಲ್ಲ, ಅಡಿಕೆ ರೇಟು ಮುಗಿಯಲಿ ಎಂದು ಕಾಯುವುದೂ ಇಲ್ಲ. ತೂಕದ ಜೊತೆಗೆ ಪ್ರಾಣವೂ ಇಳಿಯಬಹುದು, ಅದೊಂದೇ ತೊಡಕು.

ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಅಲ್ಲಿನ ಬೀದಿನಾಯಿಗಳ ಸರಹದ್ದು ಮಾತ್ರ ಎಂದೋ ಇತ್ಯರ್ಥವಾಗಿದೆ. ಪೊಮೇರಿಯನ್ ಹಿಡಿದು ಹೊರಟವರು ಮೊದಲ ಸರಹದ್ದಿನಲ್ಲೇ ಅದನ್ನು ಎತ್ತಿಕೊಳ್ಳಬೇಕು, ಎರಡನೆಯದರಲ್ಲಿ ಓಡಬೇಕು. ಈ ಸುತ್ತಿನ ತಾಲ್ಲೂಕುಗಳಲ್ಲಿ ನಾಯಿಯಿಂದ ನಿಜವಾಗಿ ಬೆವರು ಬರುವುದು ಇಲ್ಲೇ. ಫೀಸಿಲ್ಲ, ರಜೆಯಿಲ್ಲ, ರಾತ್ರಿ ಬಸ್ಸಿಳಿದು ಬರುವವರಿಗೂ ತರಬೇತಿ ಉಂಟು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಮಾಡಿ, ಹನ್ನೊಂದು ದಿನದಲ್ಲಿ ಅದನ್ನು ತಿದ್ದಿದಾಗ ಇಡೀ ದೇಶ ಎರಡು ಪಕ್ಷವಾಗಿ ಬೊಗಳಾಡಿತು. ನಾಯಿಗಳು ಸುಮ್ಮನಿದ್ದವು. (ಕಚ್ಚಿಸಿಕೊಂಡವರು ಮಾತ್ರ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ರೇಬೀಸ್ ಬಂದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಮ್ಮಿ. ಈ ಮಾತಿನಲ್ಲಿ ವ್ಯಂಗ್ಯವಿಲ್ಲ.)

ಇದೇ ನ್ಯಾಮತಿಯ ಸ್ಟೇಟ್ ಬ್ಯಾಂಕಿನಲ್ಲಿ 2024ರ ಅಕ್ಟೋಬರಿನಲ್ಲಿ 17 ಕೆಜಿಗೂ ಮಿಕ್ಕಿದ ಚಿನ್ನ ಹೋಯಿತು. ಪೊಲೀಸ್ ನಾಯಿಗೆ ಜಾಡು ಸಿಗಬಾರದೆಂದು ಕಳ್ಳರು ಖಾರದಪುಡಿ ಎರಚಿದ್ದರು. ಐದು ತಿಂಗಳಾದ ಮೇಲೆ ಚಿನ್ನ ಸಿಕ್ಕಿದ್ದು ತಮಿಳುನಾಡಿನ ಒಂದು ಬಾವಿಯಲ್ಲಿ. ಖಾರಕ್ಕೆ ಪೊಲೀಸ್ ನಾಯಿಯ ಮೂಗೇ ದಾರಿ ತಪ್ಪುತ್ತದೆ. ನಮ್ಮ ಸಂಜೆ ವಾಕಿಂಗಿನವರ ಮೂಗಿಗೆ ದಾರಿ ಸಿಗುವುದೇ ಖಾರದಿಂದ. ಎಲ್ಲಿ ಹೊರಟರೂ, ಯಾವ ಬೀದಿ ಹಿಡಿದರೂ, ಆರೂವರೆಗೆ ಸರಿಯಾಗಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಬಾಣಲೆಯ ಮುಂದೆ ಹೋಗಿ ನಿಲ್ಲುತ್ತಾರೆ. ತುಂಗಾಳಿಗೂ ಇಷ್ಟು ಗುರಿ ಇರಲಿಲ್ಲ.

ಜಗಳೂರಿಗೆ ಮಳೆ ಕಮ್ಮಿ, ಕೆರೆಗಳಿಗೆ ನೀರು ತುಂಗಭದ್ರೆಯಿಂದ ಪೈಪಿನಲ್ಲಿ ಬರಬೇಕು. ಅಂಥ ಊರಿಗೂ ಒಂದು ಹಸ್ಕಿ ಬಂದಿದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿ ಇಲ್ಲಿ ಏಪ್ರಿಲ್ ಬಿಸಿಲಿಗೆ ನಾಲಿಗೆ ಮೊಣಕಾಲಿನ ತನಕ ಬಿಟ್ಟುಕೊಂಡು ಕೂಲರಿನ ಮುಂದೆ ಮಲಗಿರುತ್ತದೆ. ಎಬ್ಬಿಸಿದರೆ ಯಜಮಾನರ ಮುಖ ನೋಡುತ್ತದೆ. ಯಜಮಾನರೂ "ಪಾಪ, ಅದಕ್ಕೇ ಆಗಲ್ಲ ಅಂದ್ರೆ ನಮಗೆಂಗಾಗುತ್ರಿ" ಎಂದು ಪಕ್ಕದಲ್ಲೇ ಒರಗುತ್ತಾರೆ.

ಅದೇ ಬಿಸಿಲಿನಲ್ಲಿ, ಕೊಂಡುಕುರಿಗಳ ರಂಗಯ್ಯನದುರ್ಗ ಕಾಡಿನ ಅಂಚಿನ ಬಯಲಿನಲ್ಲಿ, ಕಂಬಳಿ ಹೆಗಲಿಗೆ ಹಾಕಿದ ಕುರಿಗಾಹಿ ಬೆಳಗಿನಿಂದ ನಡೆಯುತ್ತಿರುತ್ತಾನೆ, ಜೊತೆಗೆ ಎಲುಬು ಎಣಿಸಬಹುದಾದ ಎರಡು ನಾಯಿ. ತೂಕ ಇಳಿಸುವ ಪಾಠ ಹೇಳಿಕೊಡುವ ಹುಮ್ಮಸ್ಸಿನ ಒಬ್ಬ ನೌಕರರು ಕಾರು ನಿಲ್ಲಿಸಿ ಕೇಳಿದರು.

"ಅಜ್ಜಾ, ದಿನಾ ಎಷ್ಟು ಹೆಜ್ಜೆ ಆಗ್ತಾವೆ?"

"ಕುರಿ ಎಣಿಸ್ತೀನಿ ಯಪ್ಪಾ. ಹೆಜ್ಜೆ ಯಾರು ಕದೀತಾರೆ ಅಂತ ಎಣಿಸ್ಲಿ?"

ನೌಕರರು ವಾಚನ್ನು ಅಂಗಿಯ ತೋಳಿನೊಳಗೆ ಸೇರಿಸಿ ಕಾರು ಹತ್ತಿದರು.

ನಾಯಿಯಿಂದ ಉಪಯೋಗವೇ ಇಲ್ಲವೆಂದಲ್ಲ. ಅಲಾರಾಂ ಬಾಯಿ ಮುಚ್ಚಿಸಬಹುದು, ಬಾಗಿಲು ಕೆರೆಯುವ ನಾಯಿಯದ್ದು ಆಗದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ಕಂತ್ರಿ ನಾಯಿ ಸಾಕಿಕೊಂಡ ನಿವೃತ್ತ ಮೇಷ್ಟ್ರುಗಳು ಸದ್ದಿಲ್ಲದೆ ಮುಗಿಸುತ್ತಾರೆ. ಅವರ ನಾಯಿಗೆ ಕೆಂಪು ಬೆಲ್ಟಿಲ್ಲ, ಅವರ ಪಿಂಚಣಿಯಲ್ಲಿ ದಿನಾ ಬೆಣ್ಣೆದೋಸೆಗೆ ಜಾಗವೂ ಇಲ್ಲ. ಮಹಾಭಾರತದಲ್ಲಿ ನಾಯಿ ಜೊತೆ ಸ್ವರ್ಗಕ್ಕೆ ಹೊರಟವರು ಆರು ಜನ, ಕೊನೆಯ ತನಕ ನಡೆದದ್ದು ಧರ್ಮರಾಯನೊಬ್ಬ. ಭೀಮ ದಾರಿಯಲ್ಲೇ ಬಿದ್ದು ಯಾಕೆ ಹೀಗಾಯಿತೆಂದು ಕೇಳಿದಾಗ ಅಣ್ಣ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಅತಿಯಾಗಿ ತಿಂದದ್ದು. ನಾಯಿ ಜೊತೆಗಿದ್ದೂ ಪ್ರಯೋಜನವಾಗಲಿಲ್ಲ.

ಚನ್ನಗಿರಿಯ ಸಾಹುಕಾರರು ಮೊನ್ನೆ ನಾಯಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಏದುಸಿರು, ಮೆಟ್ಟಿಲು ಹತ್ತುವುದಿಲ್ಲ, ಹಿಂಗಾಲು ನೋವು. ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಆಮೇಲೆ ಸಾಹುಕಾರರನ್ನೂ ಒಮ್ಮೆ ಅಡಿಯಿಂದ ಮುಡಿಯ ತನಕ ನೋಡಿದರು.

"ತೂಕ ವಿಪರೀತ ಆಗೈತ್ರಿ. ದೋಸೆ ಗೀಸೆ ಬಂದ್ ಮಾಡ್ರಿ. ದಿನಾ ಇದನ್ನ ನಡೆಸ್ಲೇಬೇಕು."

ಸಾಹುಕಾರರು ಗಂಭೀರವಾಗಿ ಯೋಚಿಸಿದರು. ಜೇಬಿನಿಂದ ಮೊಬೈಲು ತೆಗೆದರು.

"ಹಂಗಾದ್ರೆ ಇದಕ್ಕೊಂದು ನಾಯಿ ತರ್ಸ್‌ಬೇಕಾಗುತ್ತಲ್ರಿ ಡಾಕ್ಟ್ರೆ. ಯಾವ ಜಾತೀದು ಆದ್ರೆ ಚಲೋ?"