ಮುದ್ದೆ-ಬಾಡು ಸಮತೋಲನ ಮೀಮಾಂಸೆ

ದೇಹದಾರ್ಢ್ಯಾಕಾಂಕ್ಷಿಯು ಸಸ್ಯಜನ್ಯ ಮತ್ತು ಪ್ರಾಣಿಜನ್ಯ ಪ್ರೋಟೀನುಗಳನ್ನು ಯಾವ ಅನುಪಾತದಲ್ಲಿ ಸೇವಿಸತಕ್ಕದ್ದು ಎಂಬುದನ್ನು ಜಿಮ್ಮಿನ ಆಚಾರ್ಯರು ಈಗಾಗಲೇ ಇತ್ಯರ್ಥಗೊಳಿಸಿದ್ದಾರೆ: ಬೆಳಗ್ಗೆ ಓಟ್ಸು, ಮಧ್ಯಾಹ್ನ ಉಪ್ಪುಖಾರ ಕಾಣದ ಕೋಳಿಯೆದೆ, ಸಂಜೆ ಡಬ್ಬಿಯ ಪುಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಈ ಸಿದ್ಧಾಂತದ ಹೊರಗುಳಿದಿರುವುದು ಶಾಸ್ತ್ರಕ್ಕೇ ಕಳಂಕ. ಆದಕಾರಣ ಈ ಪ್ರಬಂಧ.

ಸದರಿ ತಾಲ್ಲೂಕುಗಳ ಭೋಜನ ಚತುರ್ವಿಧ.

ಮೊದಲನೆಯದು ಗೋಲ-ದ್ರವಾವಗಾಹ ಪದ್ಧತಿ. ಅಂದರೆ, ರಾಗಿಮುದ್ದೆ ಮುರಿದು ಹುರುಳಿಕಾಳಿನ ಬಸ್ಸಾರಿನಲ್ಲಿ ಅದ್ದಿ ನುಂಗುವುದು. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು. ರಾಗಿಗೆ ಸಾಲದ ಲೈಸಿನ್ ಕಾಳಿನಲ್ಲಿದೆ, ಕಾಳಿಗೆ ಸಾಲದ ಮೆಥಿಯೊನಿನ್ ರಾಗಿಯಲ್ಲಿದೆ. ಇದು 'ಪರಸ್ಪರಪೂರಕ ಅಮೈನೋ ಆಮ್ಲ ವ್ಯವಸ್ಥೆ'. ಆಚಾರ್ಯರು ಫೀಸು ತಗೊಂಡು ಹೇಳುತ್ತಾರೆ. ಮನೆಯಲ್ಲಿ, "ಕಾಳು ಬಿದ್ರೆ ಹೊಟ್ಟೆ ತಡ್ಕಂತದೆ" ಅನ್ನುತ್ತಾರೆ, ಅಷ್ಟೇ.

ಎರಡನೆಯದು ಗ್ರಹನಿಯಂತ್ರಿತ ಮಾಂಸಭಕ್ಷಣೆ. ಪಾವಗಡದಲ್ಲಿ ಶನಿಮಹಾತ್ಮ ಕೂತಿರುವುದರಿಂದ ಶನಿವಾರ ಬಾಡಿಲ್ಲ. ಸೋಮವಾರ ಶಿವನದು. ಶ್ರಾವಣ ಬಂತೆಂದರೆ ತಿಂಗಳಿಗೆ ತಿಂಗಳೇ ಖೋತಾ. ಹೊಸತೊಡಕಿಗೆ ಮಾತ್ರ ಬಾಕಿಯೆಲ್ಲ ಬಡ್ಡಿ ಸಮೇತ ಚುಕ್ತಾ: ಬಾಡಿನ ಸಾರು, ಬೋಟಿ ಗೊಜ್ಜು, ಮಾರನೇ ದಿನಕ್ಕೆ ತಲೆಕಾಲು. ಮೂರು ಗಂಟೆಗೊಮ್ಮೆ 30 ಗ್ರಾಂ ಪ್ರೋಟೀನು ಎಂಬ ಆಚಾರ್ಯವಾಕ್ಯ ಶನಿಮಹಾತ್ಮನಿಗೆ ಇನ್ನೂ ತಲುಪಿಲ್ಲ.

ಮೂರನೆಯದಕ್ಕೂ ಸಂಸ್ಕೃತದಲ್ಲೊಂದು ಹೆಸರಿಟ್ಟಿದ್ದೆ. ಬಿಡಿ, ಯಾರಿಗೆ ಬೇಕು.

ಶಿರಾದ ಕುರಿಸಂತೆಗೆ ಹೋಗಿ ನೋಡಿ. ವ್ಯಾಪಾರಿ ಟಗರಿನ ಬೆನ್ನುಮೂಳೆ ಒತ್ತುತ್ತಾನೆ, ಸೊಂಟಕ್ಕೆ ಕೈಹಾಕಿ ಎತ್ತುತ್ತಾನೆ, ಇಷ್ಟು ಕೆಜಿ ಬೀಳುತ್ತೆ ಎಂದು ತಕ್ಕಡಿಯಿಲ್ಲದೆ ಹೇಳುತ್ತಾನೆ. ಸಾಕಿದವನು ದುಡ್ಡೆಣಿಸಿಕೊಂಡು ಸಾಲ ತೀರಿಸಲು ಹೋಗುತ್ತಾನೆ. ಕಿಲೋ ಬಾಡಿಗೆ ಏಳೆಂಟುನೂರು ರೂಪಾಯಿ. ಅವನು ತನ್ನ ಕುರಿ ತಾನು ತಿನ್ನುವುದು ಹಬ್ಬಕ್ಕೋ, ಹರಕೆಗೋ. ಪಾವಗಡದ ಮಳೆ ನಂಬಿದ ಹೊಲದ ಕಡ್ಲೆಕಾಯಿಯೂ ಹೀಗೇ ಚೀಲದಲ್ಲಿ ಮಂಡಿಗೆ ಹೋಗುತ್ತದೆ. ಇವನಿಗೆ ಅನುಪಾತ ಬೋಧಿಸುತ್ತೀರಾ?

ಬಿ12 ಕಾಳಿನಲ್ಲಿಲ್ಲ, ಒಪ್ಪಿದೆ. ಹಾಲು, ಮೊಟ್ಟೆ, ಬಾಡು ಬೇಕೇ ಬೇಕು. ಆದರೆ ಡಬ್ಬಿ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿ ಬೇಡ ಎಂದಿದೆ. 60 ಕೆಜಿಯ ಆಳಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಸಾಕೆಂಬುದೂ ಸರ್ಕಾರಿ ಲೆಕ್ಕವೇ. ಅಷ್ಟಾದರೂ ತಟ್ಟೆಗೆ ಬೀಳಲಿ ಅಂತಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುತ್ತಿರುವುದು, ಈಗ ವಾರಕ್ಕೆ ಆರು ದಿನ. 2021ರಲ್ಲಿ ಅದಕ್ಕೂ ಕೆಲವು ಮಠಾಧೀಶರು ಅಡ್ಡ ನಿಂತರು. ಮೊಟ್ಟೆಗಾಗಿ ಕೈಚಾಚಿದ ಮಗುವಿಗೆ ಸಮತೋಲನದ ಪಾಠ ಹೇಳುವಷ್ಟು ಓದು ನನಗಿಲ್ಲ. ನಾಲ್ಕನೆಯ ವರ್ಗವನ್ನು ಆಚಾರ್ಯರೇ ಬರೆದುಕೊಳ್ಳಲಿ.