ಆಫ್ ಮಾಡಿ ಆನ್ ಮಾಡಿ ಕಾಣಿ

ಬೇಸಿಗೆಯ ಕೊನೆಗೆ ಮೊದಲ ಗುಡುಗು ಕೇಳಿದ್ದೇ ನಮ್ಮೂರಿನವರು ಅಂಗಳದ ಹಪ್ಪಳ ಒಳಗಿಡುತ್ತಾರೆ, ಸೌದೆ ಕೊಟ್ಟಿಗೆಗೆ ಸೇರಿಸುತ್ತಾರೆ, ಟಿ.ವಿ. ವಯರು ಕೀಳುತ್ತಾರೆ. ನಾನು ಮೊಬೈಲು ಚಾರ್ಜಿಗೆ ಹಾಕುತ್ತೇನೆ. ಇನ್ನರ್ಧ ಗಂಟೆಯೊಳಗೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿಂದಾದರೂ ಫೋನು ಬಂದೇ ಬರುತ್ತದೆ.

"ಹ್ವಾಯ್, ನಿಮ್ ಪೆಟ್ಗಿ ಸತ್ತ್ ಹೋಯ್ತ್."

ಪೆಟ್ಟಿಗೆ ನನ್ನದಲ್ಲ. ದುಡ್ಡು ಕೊಟ್ಟವರು ಅವರು, ಬಿಲ್ಲು ಅವರ ಹೆಸರಿನಲ್ಲಿದೆ, ಮೊಳೆ ಹೊಡೆದದ್ದೂ ಅವರದೇ ಗೋಡೆಗೆ. ನಡೆಯುವಷ್ಟು ದಿನ ಅದು 'ನಮ್ಮ ಇಂಟರ್ನೆಟ್ಟು', ನಿಂತ ದಿನ 'ನಿಮ್ ಪೆಟ್ಗಿ'. ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಸಂಜೆ ಮನೆಮನೆಯಲ್ಲೂ ಇದೇ ವ್ಯಾಕರಣ.

ಸಣ್ಣಪುಟ್ಟ ಆಫೀಸುಗಳ ರೂಟರು, ಸ್ವಿಚ್ಚು ನೋಡಿಕೊಳ್ಳುವುದು ನನ್ನ ಕಸುಬು. ಮೊದಲು ನನ್ನ ಕಾರ್ಯಕ್ಷೇತ್ರ ಒಂದೂವರೆ ತಾಲೂಕು ಇತ್ತು. 2018ರಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ಬೇರೆ ತಾಲೂಕಾಗಿ, ಕೂತಲ್ಲೇ ನಾನು ಮೂರು ತಾಲೂಕಿನ ಮನುಷ್ಯನಾದೆ. ಬಡ್ತಿ ಸರಕಾರದ್ದು, ಪೆಟ್ರೋಲು ನನ್ನದೇ.

ಸತ್ತಿತು ಎಂದು ಅವರು ಹೇಳುವ ಪೆಟ್ಟಿಗೆಗಳು ಹೆಚ್ಚಾಗಿ ಸತ್ತಿರುವುದಿಲ್ಲ. ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನಮ್ಮ ಅಜ್ಜಯ್ಯನಿಂದ. ಕೊನೆಗಾಲದಲ್ಲಿ ಅವರಿಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಎಂದುಕೊಂಡು "ಮನಿಯಾರ್ಡರ್ ಬಂತಾ" ಎಂದು ಕೇಳುತ್ತಿದ್ದರು. ಉಂಡದ್ದು ಮರೆತಿತ್ತು, ಊರು ಮರೆತಿತ್ತು. ಆದರೆ "ಹದಿಮೂರರ ಮಗ್ಗಿ ಹೇಳಿ ಕಾಂಬ" ಎಂದರೆ ಸಾಕು, ಹದಿಮೂರೊಂದ್ಲಿಂದ ನೂರ ಮೂವತ್ತರವರೆಗೆ ಎಲ್ಲೂ ಎಡವದೆ ಒಂದೇ ಉಸಿರು.

ರೂಟರಿನೊಳಗೂ ಹೀಗೊಂದು ಮಗ್ಗಿ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ಮು ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಫೈಲಾಗಿ ಕೂತಿರುತ್ತದೆ. ಅಳಿಸಿ ಹೋಗಬಹುದು, ಅರ್ಧ ಕೆಡಬಹುದು. ಅದರ ಕೆಳಗೆ ಬೇರೆಯೇ ಚಿಪ್ಪಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ. ಕರೆಂಟು ಬಂದೊಡನೆ ಎದ್ದು, ಮೆಮೊರಿ ತಡವಿ ನೋಡಿ, ಆಪರೇಟಿಂಗ್ ಸಿಸ್ಟಮ್ಮನ್ನು ಹುಡುಕಿ ಎಬ್ಬಿಸಿ, ಯಜಮಾನಿಕೆ ಒಪ್ಪಿಸಿ ಮಲಗುವುದು ಅದರ ಕೆಲಸ. ಎಬ್ಬಿಸಲು ಯಾರೂ ಸಿಗದಿದ್ದರೆ ಜಗಲಿಯಲ್ಲೇ ಕೂತು, ಬಂದವರು ಏನು ಹೇಳುತ್ತಾರೋ ಎಂದು ಕಾಯುತ್ತದೆ. ಸಿಸ್ಕೋದವರು ಇದನ್ನು ರಾಮ್‌ಮಾನ್ ಎಂದು ಕರೆಯುತ್ತಾರೆ. ನನಗದು ಮೊದಲ ದಿನದಿಂದಲೂ ರಾಮಣ್ಣ.

ರಾಮಣ್ಣನಿಗೆ ಗೊತ್ತಿರುವ ಮಾತು ಕೆಲವೇ ಕೆಲವು. ಅವನನ್ನು ಮಾತಾಡಿಸುವುದಕ್ಕೂ ಮುಹೂರ್ತವಿದೆ. ಪೆಟ್ಟಿಗೆಗೆ ಕರೆಂಟು ಕೊಟ್ಟ ಒಂದು ನಿಮಿಷದೊಳಗೆ ಬ್ರೇಕ್ ಕೀ ಒತ್ತಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕೀಯೇ ಇಲ್ಲ. ಮೆನುವಿನೊಳಗೆ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಮುಹೂರ್ತ ಮೀರಿ, ಮತ್ತೆ ಆಫ್, ಮತ್ತೆ ಆನ್. ನೋಡುತ್ತಾ ನಿಂತವರಿಗೆ ನನ್ನ ವಿದ್ಯೆಯ ಮೇಲೆ ಸಂಶಯ ಹುಟ್ಟುವುದು ಇಲ್ಲಿಂದಲೇ.

ಬ್ರಹ್ಮಾವರದ ಒಂದು ಕಡೆ ರೂಟರಿನ ಪಾಸ್‌ವರ್ಡು ಗೊತ್ತಿದ್ದ ಹುಡುಗ ಗಲ್ಫಿಗೆ ಹೋಗಿಬಿಟ್ಟಿದ್ದ. ಇದಕ್ಕೆ ರಾಮಣ್ಣನ ಹತ್ತಿರ ಒಳ್ಳೆಯ ಮದ್ದಿದೆ. ರೂಟರು ಏಳುವ ರೀತಿಯನ್ನು ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಅದು 2102. ಅದರ ಸೊನ್ನೆ ಇದ್ದಲ್ಲಿ ನಾಲ್ಕು ಹಾಕಿ 2142 ಮಾಡಿದರೆ ರೂಟರು ತನ್ನ ಹಳೆಯ ಸೆಟ್ಟಿಂಗನ್ನು ಓದದೆ ಏಳುತ್ತದೆ. ಪಾಸ್‌ವರ್ಡು ಇರುವುದೂ ಅದರಲ್ಲೇ ಆದ್ದರಿಂದ ಕೇಳುವವರಿಲ್ಲ. ಒಳಗೆ ಹೋಗಿ, ಹಳೆಯದನ್ನು ವಾಪಸು ಕರೆದು, ಹೊಸ ಪಾಸ್‌ವರ್ಡು ಹಾಕಿ, ಸಂಖ್ಯೆಯನ್ನು ಮೊದಲಿನ ಹಾಗೆ 2102 ಮಾಡಿ ಬರಬೇಕು.

ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ ಬಂದೆ.

ವಾರದ ಮೇಲೆ ಗುಡುಗಿತು, ಕರೆಂಟು ಹೋಗಿ ಬಂತು. ರೂಟರು ನಿನ್ನೆ ಹುಟ್ಟಿದ ಕೂಸಿನ ಹಾಗೆ ಎಲ್ಲ ಮರೆತು ಎದ್ದಿತು. ಓಡಿ ಹೋಗಿ ಎರಡೇ ನಿಮಿಷದಲ್ಲಿ ಸರಿ ಮಾಡಿದೆ. "ಕಂಡ್ರ್ಯಾ, ಕೈಗುಣ ಅಂದ್ರೆ ಇದ್!" ಎಂದು ಅಲ್ಲಿನ ಹಿರಿಯರು ಗೋಳಿಬಜೆ ತರಿಸಿದರು. ನನ್ನ ತಪ್ಪಿಗೆ ನನಗೇ ಸನ್ಮಾನ. ಬಿಸಿಯಿತ್ತು; ತಿಂದೆ.

ಗಂಗೊಳ್ಳಿ ಕಡೆಯದ್ದು ಬೇರೆ ಜಾತಿಯ ಸಣ್ಣ ರೂಟರು. ಅದರ ರಾಮಣ್ಣನ ಹೆಸರು ಯು-ಬೂಟ್. ಜರ್ಮನಿಯ ವುಲ್ಫ್‌ಗಾಂಗ್ ಡೆಂಕ್ ಎಂಬವರು ಶುರುಮಾಡಿದ್ದು. ಹೆಸರಿನಲ್ಲಿ ಆ ದೇಶದ ಜಲಾಂತರ್ಗಾಮಿಯ ಶ್ಲೇಷೆಯೂ ಇದೆ. "ಯು-ಬೂಟಿಗೆ ಹೋಗಿ ನಿಂತಿದೆ" ಎಂದು ನಾನು ವಿವರಿಸಹೊರಟರೆ ಅಲ್ಲಿನ ಧಣಿಗಳಿಗೆ ಕೇಳಿದ್ದು ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. "ಬೋಟೆಲ್ಲ ಮೇಲ್ ಎಳ್ದ್ ಆಯ್ತಲೆ, ಇನ್ನ್ ಎಂತ ಹೋಪುದ್?" ಎಂದರು. ಶ್ಲೇಷೆಯ ಮೇಲೆ ಶ್ಲೇಷೆ. ನಾನು ಸುಮ್ಮನೆ ಕೆಲಸ ಮುಗಿಸಿದೆ.

ಬೈಂದೂರಿನದ್ದು ಮಾತ್ರ ಹಾಗೆ ಮುಗಿಯುವ ಕೆಲಸವಾಗಿರಲಿಲ್ಲ. ಮತ್ತು ತಪ್ಪು ಪೂರ್ತಿ ನನ್ನದೇ. ಏಪ್ರಿಲ್ ತಿಂಗಳ ಒಂದು ಶನಿವಾರ ಸಂಜೆ, ಹಳೆಯ ಸಿಸ್ಕೋ ಸ್ವಿಚ್ಚಿಗೆ ಹೊಸ ಸಾಫ್ಟ್‌ವೇರು ಹಾಕಲು ಹೋಗಿದ್ದೆ. ಫ್ಲ್ಯಾಶಿನಲ್ಲಿ ಜಾಗವಿರಲಿಲ್ಲ, ಹಳೆಯ ಫೈಲು ಅಳಿಸಿ ಹೊಸದನ್ನು ಇಳಿಸತೊಡಗಿದೆ. ಅರ್ಧ ಇಳಿದಿರಬೇಕು, ಒತ್ತಿನೆಣೆಯ ಮೇಲೊಂದು ಮಿಂಚು, ಕರೆಂಟು ಹೋಯಿತು. ಯುಪಿಎಸ್ ಇತ್ತು. ಅದಕ್ಕೆ ಸಿಕ್ಕಿಸಿದ್ದದ್ದು ಮೀನಿನ ತೊಟ್ಟಿಯ ಪಂಪು.

ಕರೆಂಟು ಬಂದಾಗ ಸ್ವಿಚ್ಚು ಏಳಲಿಲ್ಲ.

ಆಫೀಸಿನಲ್ಲಿ ಉಳಿದದ್ದು ನಾನು, ಮೀನು, ಅಟೆಂಡರ್ ಅಣ್ಣ. ಅವರಿಗೆ ಅವಸರ; ರಾತ್ರಿ ಅವರೂರಿನಲ್ಲಿ ಯಕ್ಷಗಾನದ ಆಟ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಕಾಣಿ" ಎಂದರು.

"ಅಷ್ಟಕ್ಕೆಲ್ಲ ಇದು ಸರಿಯಾಗುವುದಿಲ್ಲ ಅಣ್ಣ" ಎಂದೆ, ಓದಿದವನ ಗತ್ತಿನಲ್ಲಿ.

ಆದರೆ ಈ ಸ್ವಿಚ್ಚಿನ ರಾಮಣ್ಣನನ್ನು ಮಾತಾಡಿಸಬೇಕಾದರೆ ಮುಂದಿನ 'ಮೋಡ್' ಗುಂಡಿ ಒತ್ತಿ ಹಿಡಿದುಕೊಂಡೇ ಹಿಂದಿನ ಕರೆಂಟು ವಯರನ್ನು ಕಿತ್ತು ಹಾಕಬೇಕು. ಪೆಟ್ಟಿಗೆ ಇದ್ದದ್ದು ಆಳೆತ್ತರದಲ್ಲಿ, ನಾನು ಇದ್ದದ್ದು ಮೂರು ಕಾಲು ಗಟ್ಟಿಯಿದ್ದ ಸ್ಟೂಲಿನ ಮೇಲೆ. ನನಗಿರುವುದು ಎರಡೇ ಕೈ. "ಅಣ್ಣ, ಸ್ವಲ್ಪ ವಯರು ಕಿತ್ತು ಹಾಕಿ" ಎನ್ನದೆ ಬೇರೆ ದಾರಿ ಇರಲಿಲ್ಲ. ಅವರು ಕಿತ್ತು ಹಾಕಿದರು. ಏನೂ ಹೇಳಲಿಲ್ಲ, ನಕ್ಕರು.

ಪರದೆಯ ಮೇಲೆ ಒಂದೇ ಪದ ಮೂಡಿತು: 'ಸ್ವಿಚ್'. ಆಫೀಸಿನವರು ಇಟ್ಟ ಹೆಸರು ನೆನಪಿಲ್ಲ, ತಾನು ಯಾವ ಜಾತಿಯ ವಸ್ತು ಎಂಬುದಷ್ಟೇ ನೆನಪು. ಅಜ್ಜಯ್ಯ ಜಗಲಿಯಲ್ಲಿದ್ದಾರೆ. ಮಗ್ಗಿ ಶುರುಮಾಡಿದೆ: ಫ್ಲ್ಯಾಶ್ ಇನಿಟ್, ಡಿಐಆರ್ ಫ್ಲ್ಯಾಶ್. ಸೆಟ್ಟಿಂಗು ಇದೆ, ಅರ್ಧ ಫೈಲಿದೆ. ಅರ್ಧವನ್ನು ಅಳಿಸಿದೆ. ಇನ್ನು ಪೂರ್ತಿ ಫೈಲನ್ನು ಒಳಗೆ ಕಳಿಸಬೇಕು. ತಮಾಷೆಯೆಂದರೆ, ಆಫೀಸಿಗೆಲ್ಲ ನೆಟ್‌ವರ್ಕು ಹಂಚುವ ಈ ಪೆಟ್ಟಿಗೆಯ ರಾಮಣ್ಣನಿಗೆ ನೆಟ್‌ವರ್ಕೇ ಬಾರದು. ತಿಳಿನೀಲಿ ಕನ್ಸೋಲ್ ಕೇಬಲ್ಲಿನಲ್ಲಿ, ಎಕ್ಸ್‌ಮೋಡೆಮ್ ಎಂಬ ಪದ್ಧತಿಯಲ್ಲಿ ಕಳಿಸಬೇಕು. 1977ರಲ್ಲಿ ಅಮೆರಿಕದ ವಾರ್ಡ್ ಕ್ರಿಸ್ಟೆನ್ಸನ್ ಮಾಡಿದ್ದು. ಫೈಲನ್ನು 128 ಬೈಟಿನ ತುಂಡು ಮಾಡಿ, ಒಂದು ತುಂಡು ಕೊಟ್ಟು, "ಬಂತಾ?" ಎಂದು ಕೇಳಿ, "ಬಂತು" ಎಂದ ಮೇಲೆ ಇನ್ನೊಂದು ಕೊಡುವುದು. ನನ್ನ ಫೈಲು 8 ಎಂಬಿ, ಅಂದರೆ 65,536 ತುಂಡು. ಕೇಬಲ್ಲಿನಲ್ಲಿ ಸೆಕೆಂಡಿಗೆ ದಾಟುವುದು 960 ಅಕ್ಷರ. ವೇಗ ಹನ್ನೆರಡು ಪಾಲು ಹೆಚ್ಚಿಸಬಹುದು, ನನ್ನ ಅಗ್ಗದ ಕೇಬಲ್ಲಿಗೆ ಅದು ಹಿಡಿಸುವುದಿಲ್ಲ.

"ಎಷ್ಟ್ ಹೊತ್ತ್ ಆತ್ತ್?"

"ಎರಡೂವರೆ ಗಂಟೆ."

ಅಣ್ಣನ ಮುಖ ಬಾಡಿತು. "ಒಡ್ಡೋಲಗ ತಪ್ಪ್ತ್" ಎಂದು ಕುರ್ಚಿಯಲ್ಲಿ ಕುಸಿದರು.

ಮೀನಿನ ಪಂಪು ಕಿತ್ತು ಸ್ವಿಚ್ಚನ್ನು ಯುಪಿಎಸ್ಸಿಗೆ ಹಾಕಿ, ಮಗ್ಗಿ ಮತ್ತೆ ಮೊದಲಿನಿಂದ ಹೇಳಿಸಿದೆ. ಪರದೆಯಲ್ಲಿ ಸಿ, ಸಿ, ಸಿ ಎಂದು ಒಂದೊಂದೇ ಅಕ್ಷರ ಬೀಳತೊಡಗಿತು. ನಾನು ಸಿದ್ಧ, ಕಳಿಸು ಎಂದು ಅದರ ಅರ್ಥ. ಕಳಿಸಿದೆ. ಹೊತ್ತು ಕಳೆಯಬೇಕಲ್ಲ, ಅಣ್ಣನಿಗೆ ವಿವರಿಸಿದೆ: ಹಂಚಿನ ಕಾರ್ಖಾನೆಯಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸುತ್ತಾರಲ್ಲ, ಹಾಗೆ. ಒಡೆದ ಹಂಚು ಬಂದರೆ ವಾಪಸು, ಅದೇ ಹಂಚು ಮತ್ತೊಮ್ಮೆ.

ಅಣ್ಣ ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲೇ ಇದ್ದವರಂತೆ. ಸ್ವಲ್ಪ ಹೊತ್ತು ಪರದೆ ನೋಡಿ, "ನಾನ್ ಇದ್ಕಿಂತ ಬೇಗ ದಾಟಸ್ತಿದ್ದೆ" ಎಂದರು.

ಕರೆಂಟು ಮತ್ತೆರಡು ಸಲ ಹೋಗಿ ಬಂತು. ಒಂದೊಂದು ಸಲವೂ ಇಬ್ಬರೂ ಉಸಿರು ಬಿಗಿಹಿಡಿದು ಯುಪಿಎಸ್ಸಿನ ಕೂಗು ಕೇಳುತ್ತಾ ಕೂತೆವು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂಬತ್ತೂವರೆಗೆ ಕೊನೆಯ ತುಂಡು ದಾಟಿತು. ಬೂಟ್ ಎಂದು ಕೊಟ್ಟೆ. ಪರದೆಯ ತುಂಬ '@' ಗುರುತು ಸಾಲುಗಟ್ಟಿ ಬೀಳತೊಡಗಿತು.

"ಇದೆಂತ, ಚಕ್ಕುಲಿಯಾ?"

ಚಕ್ಕುಲಿಯೇ. ಸಾಲು ಸಾಲು ಚಕ್ಕುಲಿ. ಇದು ಕಂಡಿತೆಂದರೆ ಒಳಗೆ ಆಪರೇಟಿಂಗ್ ಸಿಸ್ಟಮ್ಮು ಬಿಚ್ಚಿಕೊಳ್ಳುತ್ತಿದೆ ಎಂದು ಲೆಕ್ಕ. ಪೋರ್ಟುಗಳ ದೀಪ ಮೊದಲು ಕಿತ್ತಳೆಯಾಗಿ, ನಮ್ಮನ್ನು ಅರ್ಧ ನಿಮಿಷ ಸತಾಯಿಸಿ, ಆಮೇಲೆ ಒಂದೊಂದಾಗಿ ಹಸಿರಾದವು. ಅಣ್ಣ ಓಡಿ ಹೋಗಿ ಮೀನಿನ ಪಂಪು ಸಿಕ್ಕಿಸಿದರು, ಯುಪಿಎಸ್ಸಿಗೇ.

ನಾನು ಕೇಬಲ್ಲು ಸುತ್ತುತ್ತಿದ್ದಾಗ ಮ್ಯಾನೇಜರರ ಫೋನು ಬಂತು. ಅಣ್ಣ ಒಂದು ಕೈಯಲ್ಲಿ ಬಾಗಿಲಿನ ಬೀಗ ಹಿಡಿದುಕೊಂಡೇ ಮಾತಾಡಿದರು.

"ಹೌದ್ ಸಾರ್, ಸಮ ಆಯ್ತ್... ಎಂತ ಇಲ್ಲೆ ಸಾರ್, ನಾನ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ದೆ."